ಪದ ಪರಿಚಯ: ಫಿಲ್ಟರ್ ಪ್ಯಾಕ್

ಕಲರ್ ನೆಗೆಟಿವ್‌ನಿಂದ ಮನೆಯ ಡಾರ್ಕ್‌ರೂಮಿನಲ್ಲಿ ಚಿತ್ರ ಮುದ್ರಿಸುವಾಗ ಎನ್‌ಲಾರ್ಜರ್‌ನ (ನೆಗೆಟಿವ್‌ನ ಬಿಂಬವನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಉಪಕರಣ) ಬೆಳಕನ್ನು ತಿದ್ದುವ ಬಣ್ಣದ ಫಿಲ್ಟರ್‌ಗಳ ಒಟ್ಟು ಅಳತೆಯೇ ಫಿಲ್ಟರ್ ಪ್ಯಾಕ್. ಕಲರ್ ಹೆಡ್ (ಫಿಲ್ಟರ್‌ಗಳನ್ನು ಒಳಗೊಂಡ ದೀಪದ ಭಾಗ) ಇರುವ ಎನ್‌ಲಾರ್ಜರ್‌ನಲ್ಲಿ ಇದನ್ನು ಗುಂಡಿ ತಿರುಗಿಸಿ ಹೊಂದಿಸುತ್ತಾರೆ. ಉದಾಹರಣೆಗೆ 50 ಅಂಶ ಮೆಜೆಂಟಾ (ನೇರಳೆ ಬೆರೆತ ಗುಲಾಬಿ), 60 ಅಂಶ ಹಳದಿ. ಸಯಾನ್ (ಹಸಿರು ಬೆರೆತ ನೀಲಿ) ಸಾಮಾನ್ಯವಾಗಿ ಸೊನ್ನೆಯಲ್ಲೇ ಇರುತ್ತದೆ. ಮೂರನ್ನೂ ಸೇರಿಸಿದರೆ ಬೆಳಕು ಮಂಕಾಗುವುದಷ್ಟೇ ಲಾಭ.

ಹೊಸಬರು ತಡವರಿಸುವುದು ಮುಂದಿನ ಹೆಜ್ಜೆಯಲ್ಲಿ. ಚಿತ್ರದಲ್ಲಿ ಮೆಜೆಂಟಾ ಹೆಚ್ಚಾಗಿದ್ದರೆ ಫಿಲ್ಟರ್‌ನಲ್ಲೂ ಮೆಜೆಂಟಾವನ್ನೇ ಹೆಚ್ಚಿಸಬೇಕು. ವಿಚಿತ್ರವೆನಿಸಿದರೂ ಕಾರಣ ಸರಳ. ಕಾಗದದಲ್ಲಿ ಮೆಜೆಂಟಾ ಬಣ್ಣ ಮೂಡುವುದು ಹಸಿರು ಬೆಳಕಿಗೆ ಸ್ಪಂದಿಸುವ ಪದರದಲ್ಲಿ. ಮೆಜೆಂಟಾ ಫಿಲ್ಟರ್ ಹಸಿರನ್ನು ತಡೆಯುತ್ತದೆ, ಆ ಪದರಕ್ಕೆ ಬೆಳಕು ಕಡಿಮೆ ತಾಕುತ್ತದೆ, ಬಣ್ಣವೂ ತಗ್ಗುತ್ತದೆ. ಚಿತ್ರ ಹಸಿರಾಗಿದ್ದರೆ ಮೆಜೆಂಟಾ ಇಳಿಸಿ. ನೀಲಿಯಾಗಿದ್ದರೆ ಹಳದಿ ಇಳಿಸಿ. ಕೆಂಪು ಎಂದರೆ ಮೆಜೆಂಟಾ ಮತ್ತು ಹಳದಿ ಸೇರಿದ್ದು, ಹಾಗಾಗಿ ಎರಡನ್ನೂ ಏರಿಸಿ. ಮೆಜೆಂಟಾ ಏರಿಸಿದಾಗ ಬೆಳಕು ಕುಂದುವುದರಿಂದ ಎಕ್ಸ್‌ಪೋಷರ್ (ಕಾಗದಕ್ಕೆ ಬೆಳಕು ತಾಕಿಸುವ) ಸಮಯವನ್ನೂ ತುಸು ಹೆಚ್ಚಿಸಬೇಕಾಗುತ್ತದೆ.

ಯಾವ ಬಣ್ಣ ಮಿತಿಮೀರಿದೆ ಎಂದು ಗುರುತಿಸುವುದೇ ಈ ಕೆಲಸದ ನಿಜವಾದ ವಿದ್ಯೆ. ಕೆಂಪು ಅಂಗಿ, ನೀಲಿ ಆಕಾಶಗಳನ್ನು ನಂಬಬೇಡಿ; ಅವು ಹೇಗಿದ್ದರೂ ಕಣ್ಣು ಒಪ್ಪಿಬಿಡುತ್ತದೆ. ಸಿಮೆಂಟ್ ಗೋಡೆ, ಡಾಂಬರು ರಸ್ತೆಯಂಥ ಬೂದು ಭಾಗಗಳನ್ನು ಹುಡುಕಿ. ಬೂದು ಬೂದಾಗಿಯೇ ಕಂಡರೆ ಉಳಿದ ಬಣ್ಣಗಳು ಬಹುಮಟ್ಟಿಗೆ ತಾವಾಗಿಯೇ ಸರಿಹೋಗುತ್ತವೆ. 20 ಅಂಶದ ವ್ಯತ್ಯಾಸ ಯಾರಿಗೂ ಕಾಣುತ್ತದೆ, 5 ಅಂಶದ್ದು ಪಳಗಿದ ಕಣ್ಣಿಗೆ ಮಾತ್ರ. ಒದ್ದೆ ಚಿತ್ರ ನೀಲಿಗೆ ವಾಲಿದಂತೆ ಕಾಣುವುದರಿಂದ ಒಣಗಿಸದೆ ತೀರ್ಮಾನಕ್ಕೆ ಬರಬಾರದು.

ಇಷ್ಟೆಲ್ಲ ಲೆಕ್ಕಕ್ಕೆ ಬೆಲೆ ಬರುವುದು ಸಂಸ್ಕರಣೆ ಸ್ಥಿರವಾಗಿದ್ದಾಗ ಮಾತ್ರ. ಕಲರ್ ಕಾಗದವನ್ನು ಸಂಸ್ಕರಿಸುವ ಆರ್‌ಎ-4 ವಿಧಾನದಲ್ಲಿ ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) 35 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ 45 ಸೆಕೆಂಡು ಸಾಕು. ಒಮ್ಮೆ ಬಿಸಿ, ಒಮ್ಮೆ ತಣ್ಣಗೆ ಬಳಸಿದರೆ ಬಣ್ಣ ಪಲ್ಲಟವಾಗುತ್ತದೆ, ತಪ್ಪು ಫಿಲ್ಟರ್‌ನದೆಂದು ತೋರುತ್ತದೆ. ಕಪ್ಪು-ಬಿಳುಪು ಮುದ್ರಣದಲ್ಲಿ ಬಳಸುವ ಕೆಂಪು ದೀಪಕ್ಕೂ ಇಲ್ಲಿ ಅವಕಾಶವಿಲ್ಲ, ಕಲರ್ ಕಾಗದ ಎಲ್ಲ ಬಣ್ಣದ ಬೆಳಕನ್ನೂ ಗ್ರಹಿಸುತ್ತದೆ. ಅದಕ್ಕೇ ಫಿಲ್ಟರ್ ಪ್ಯಾಕನ್ನು ದೀಪ ಉರಿಯುತ್ತಿರುವಾಗಲೇ ಹೊಂದಿಸಿ, ಅನಂತರ ಕತ್ತಲಲ್ಲಿ ಕಾಗದದ ಪೆಟ್ಟಿಗೆ ತೆರೆಯುತ್ತಾರೆ. ಎಕ್ಸ್‌ಪೋಷರ್ ಮುಗಿದ ಕಾಗದವನ್ನು ಬೆಳಕು ನುಸುಳದ ಸಂಸ್ಕರಣಾ ಡ್ರಮ್ಮಿನೊಳಗೆ ಸೇರಿಸಿ ಮುಚ್ಚಿದ ಮೇಲೆ ದೀಪ ಹಾಕಬಹುದು.

ಚಿತ್ರ ಒಪ್ಪಿಗೆಯಾದ ಕೂಡಲೇ ಫಿಲ್ಟರ್ ಪ್ಯಾಕ್, ಅಪರ್ಚರ್ (ಲೆನ್ಸಿನ ತೆರವಿನ ಅಳತೆ), ಸಮಯ ಮೂರನ್ನೂ ಬರೆದಿಟ್ಟುಕೊಳ್ಳಿ. ಒಂದೇ ಬೆಳಕಿನಲ್ಲಿ ತೆಗೆದ ಅದೇ ರೋಲಿನ ಇತರ ನೆಗೆಟಿವ್‌ಗಳಿಗೆ ಅಲ್ಲಿಂದಲೇ ಆರಂಭಿಸಬಹುದು. ಕಾಗದದ ಹೊಸ ಪೆಟ್ಟಿಗೆ ಒಡೆದಾಗ ಮಾತ್ರ ಮತ್ತೆ ಕಾಗದದ ತುಂಡೊಂದರ ಮೇಲೆ ಪರೀಕ್ಷೆಗಾಗಿ ಮುದ್ರಿಸಿ ನೋಡಬೇಕು.