ಓದುಗರ ಪ್ರಶ್ನೆ: ಕೊಲ್ಲುವ ಸಾಧನವಾಗಿದ್ದ ಶಿಲುಬೆಯನ್ನು ಕ್ರೈಸ್ತರು ಗೌರವಿಸುವುದೇಕೆ?

ಪ್ರಶ್ನೆ: ಶಿಲುಬೆ ರೋಮನ್ನರ ಮರಣದಂಡನೆಯ ಸಾಧನ. ತಮ್ಮ ಪ್ರಭುವಿನ ಪ್ರಾಣ ತೆಗೆದ ಅದನ್ನೇ ಕ್ರೈಸ್ತರು ಕೊರಳಲ್ಲಿ ಧರಿಸುತ್ತಾರೆ, ಯಾಕೆ? ಕೆಲವು ಶಿಲುಬೆಗಳ ಮೇಲೆ ಯೇಸುವಿನ ದೇಹವಿರುತ್ತದೆ, ಕೆಲವು ಬರಿದಾಗಿರುತ್ತವೆ. ಅರ್ಥ ಬೇರೆ ಬೇರೆಯೇ?

ಉತ್ತರ: ಮೊದಲ ಶತಮಾನದವರನ್ನು ಈ ಪ್ರಶ್ನೆ ನಮಗಿಂತ ಹೆಚ್ಚು ಕಾಡಿತ್ತು, ಏಕೆಂದರೆ ಅವರು ಶಿಲುಬೆಯ ಮೇಲೆ ಮನುಷ್ಯರು ಸಾಯುವುದನ್ನು ಕಣ್ಣಾರೆ ಕಂಡವರು. ಈ ಶಿಕ್ಷೆ ಮುಖ್ಯವಾಗಿ ಗುಲಾಮರಿಗೆ, ದಂಗೆಕೋರರಿಗೆ. ರೋಮನ್ ಪೌರರಿಗೆ ಸಾಮಾನ್ಯವಾಗಿ ವಿಧಿಸುತ್ತಿರಲಿಲ್ಲ. ಕ್ರಿ.ಪೂ. 71ರಲ್ಲಿ ಗುಲಾಮರ ನಾಯಕ ಸ್ಪಾರ್ಟಕಸನ ದಂಗೆ ಅಡಗಿದ ಮೇಲೆ ಸುಮಾರು 6,000 ಬಂದಿಗಳನ್ನು ಇಟಲಿಯ ಕಾಪುವಾ ಪಟ್ಟಣದಿಂದ ರೋಮಿನವರೆಗೆ ದಾರಿಯುದ್ದಕ್ಕೂ ಶಿಲುಬೆಗೇರಿಸಿದರು. ಮೊದಲು ಚಾಟಿಯ ಏಟು. ನಂತರ ಅಡ್ಡತೊಲೆಯನ್ನು ಸಾಯಲಿರುವವನೇ ಹೊತ್ತು ನಡೆಯಬೇಕು. ಬಟ್ಟೆ ಬಿಚ್ಚಿ, ತೊಲೆಗೆ ಕಟ್ಟಿ ಅಥವಾ ಮೊಳೆ ಹೊಡೆದು, ನೆಟ್ಟ ಕಂಬಕ್ಕೆ ಏರಿಸುತ್ತಿದ್ದರು. 1968ರಲ್ಲಿ ಜೆರುಸಲೇಮಿನಲ್ಲಿ ಸಿಕ್ಕ ಅಸ್ಥಿಪೆಟ್ಟಿಗೆಯೊಂದರಲ್ಲಿ ಹಿಮ್ಮಡಿಯ ಮೂಳೆಗೆ ಹೊಕ್ಕ ಕಬ್ಬಿಣದ ಮೊಳೆ ಹಾಗೆಯೇ ಉಳಿದಿತ್ತು. ಸಾವು ನಿಧಾನವಾಗಿ, ಬೀದಿಯವರೆಲ್ಲ ನೋಡುವಂತೆ ಬರಬೇಕು. ನೋವಿನಷ್ಟೇ ಅವಮಾನವೂ ಉದ್ದೇಶವಾಗಿತ್ತು.

ಯೆಹೂದ್ಯರಿಗಂತೂ ಮರಕ್ಕೆ ತೂಗುಹಾಕಲ್ಪಟ್ಟವನು ದೇವರ ಶಾಪಕ್ಕೆ ಗುರಿಯಾದವನು (ಧರ್ಮೋಪದೇಶಕಾಂಡ 21:23). ಹಾಗಾಗಿಯೇ ಶಿಲುಬೆಗೇರಿದ ಕ್ರಿಸ್ತನ ಸಂದೇಶ ಯೆಹೂದ್ಯರಿಗೆ ಎಡವುವ ಕಲ್ಲು, ಇತರರಿಗೆ ಹುಚ್ಚುಮಾತು ಎಂದು ಆದಿ ಕ್ರೈಸ್ತ ಬೋಧಕ ಪೌಲ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ (1 ಕೊರಿಂಥ 1:23). ಜನರನ್ನು ಸೆಳೆಯಲು ಹೊರಟ ಯಾರೂ ಇಂಥ ಗುರುತನ್ನು ಕಟ್ಟಿಕೊಳ್ಳುತ್ತಿರಲಿಲ್ಲ. ಆರಂಭದ ಕ್ರೈಸ್ತ ಕೆತ್ತನೆಗಳಲ್ಲಿ ಮೀನು, ಲಂಗರು ಹೆಚ್ಚಾಗಿ ಕಾಣುತ್ತವೆ. ಯೇಸು ಶಿಲುಬೆಯ ಮೇಲಿರುವ ಅತಿ ಹಳೆಯ ಚಿತ್ರಣಗಳಲ್ಲೊಂದು ರೋಮಿನ ಸಂತ ಸಬೀನಾ ದೇವಾಲಯದ ಮರದ ಬಾಗಿಲಿನ ಮೇಲಿದೆ. ಕಾಲ ಸುಮಾರು 430, ಅಂದರೆ ಆ ಶಿಕ್ಷೆ ರೋಮನ್ ಸಾಮ್ರಾಜ್ಯದಲ್ಲಿ ನಿಂತುಹೋದ ಮೇಲೆ.

ಹಾಗಿದ್ದರೆ ಶಿಲುಬೆಯಲ್ಲಿ ಆದದ್ದೇನು? ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆ ಇದನ್ನು ಒಂದೇ ಸೂತ್ರದಲ್ಲಿ ಹೇಳುವುದಿಲ್ಲ. ಜನರ ಪಾಪಕ್ಕಾಗಿ ಅರ್ಪಿತವಾದ ಯಜ್ಞ ಎನ್ನುತ್ತದೆ. ಅನೇಕರನ್ನು ಬಿಡಿಸಲು ತೆತ್ತ ಈಡು ಎನ್ನುತ್ತದೆ (ಮಾರ್ಕ 10:45). ದುಷ್ಟ ಶಕ್ತಿಗಳ ಮೇಲೆ ಸಾಧಿಸಿದ ಜಯ ಎನ್ನುತ್ತದೆ (ಕೊಲೊಸ್ಸೆ 2:15). ನಾವಿನ್ನೂ ಪಾಪಿಗಳಾಗಿದ್ದಾಗಲೇ ದೇವರು ತೋರಿದ ಪ್ರೀತಿ ಎಂದೂ ಹೇಳುತ್ತದೆ (ರೋಮ 5:8). ಮುಂದೆ ಒಬ್ಬೊಬ್ಬ ಬೋಧಕ ಒಂದೊಂದಕ್ಕೆ ಒತ್ತು ಕೊಟ್ಟ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಧರ್ಮಶಾಸ್ತ್ರಜ್ಞ ಆನ್ಸೆಲ್ಮ್, ಮನುಷ್ಯ ದೇವರಿಗೆ ಸಲ್ಲಿಸಬೇಕಿದ್ದ ಗೌರವದ ಸಾಲವನ್ನು ಕ್ರಿಸ್ತ ತೀರಿಸಿದನೆಂದು ವಿವರಿಸಿದ. ಹದಿನಾರನೆಯ ಶತಮಾನದ ಪ್ರೊಟೆಸ್ಟಂಟ್ ಸುಧಾರಕರು ನಮಗೆ ಬರಬೇಕಿದ್ದ ದಂಡನೆಯನ್ನು ಅವನು ಹೊತ್ತನೆಂಬುದನ್ನು ಮುಂದಿಟ್ಟರು. ಯಾವುದಾದರೂ ಒಂದನ್ನೇ ಹಿಡಿದು ಉಳಿದವನ್ನು ಕೈಬಿಟ್ಟರೆ ಅರ್ಥ ವಾಲುತ್ತದೆ.

ಅತಿ ಹೆಚ್ಚು ವಾಲಿರುವುದು ಇಲ್ಲಿ: ಸಿಟ್ಟಾದ ದೇವರು ಯಾರೋ ನಿರಪರಾಧಿಯನ್ನು ಹಿಡಿದು ಶಿಕ್ಷಿಸಿ ಸಮಾಧಾನಗೊಂಡ ಎಂಬ ಕಥೆ. ಇದು ಕ್ರೈಸ್ತ ಬೋಧನೆಯಲ್ಲ. ದೇವರೇ ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನೊಡನೆ ಸಂಧಾನಪಡಿಸಿಕೊಂಡನು ಎಂಬುದು ಪೌಲನ ಮಾತು (2 ಕೊರಿಂಥ 5:19). ತನ್ನ ಪ್ರಾಣವನ್ನು ಯಾರೂ ಕಸಿದುಕೊಳ್ಳುತ್ತಿಲ್ಲ, ತಾನೇ ಕೊಡುತ್ತೇನೆ ಎಂದು ಯೇಸು ಹೇಳುತ್ತಾನೆ (ಯೋಹಾನ 10:18). ಬೆಲೆ ತೆತ್ತವನು ಮೂರನೆಯವನಲ್ಲ, ಮನನೊಂದ ದೇವರೇ. ತಂದೆ, ಮಗ, ಪವಿತ್ರಾತ್ಮ ಒಬ್ಬನೇ ದೇವರು ಎಂಬ ತ್ರಯೇಕ ದೇವರ ನಂಬಿಕೆಯನ್ನು ಪಕ್ಕಕ್ಕಿಟ್ಟು ಶಿಲುಬೆಯನ್ನು ವಿವರಿಸಲು ಹೋದವರೆಲ್ಲ ಇಲ್ಲೇ ತಪ್ಪುತ್ತಾರೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಕಥೋಲಿಕರು, ಅನೇಕ ಲೂಥರನ್ನರು ಯೇಸುವಿನ ದೇಹವಿರುವ ಶಿಲುಬೆಯನ್ನು ಇಡುತ್ತಾರೆ: ಅವನು ನಿಜವಾಗಿ ನೊಂದ, ನಿಜವಾಗಿ ಸತ್ತ. ಬ್ಯಾಪ್ಟಿಸ್ಟ್, ಪೆಂತೆಕೊಸ್ತ ಮುಂತಾದ ಅನೇಕ ಸಭೆಗಳದು ಬರಿಯ ಶಿಲುಬೆ: ಅವನು ಎದ್ದಿದ್ದಾನೆ, ಅಲ್ಲಿಲ್ಲ. ಒತ್ತು ಬೇರೆ, ನಂಬಿಕೆ ಒಂದೇ. ಕ್ರಿಸ್ತ ಎದ್ದುಬರದಿದ್ದರೆ ನಂಬಿಕೆಯೇ ವ್ಯರ್ಥ ಎಂಬ ಮಾತನ್ನು (1 ಕೊರಿಂಥ 15:17) ಇಬ್ಬರೂ ಒಪ್ಪುತ್ತಾರೆ. ರಷ್ಯಾದ ಆರ್ಥೊಡಾಕ್ಸ್ ಶಿಲುಬೆಗೆ ಮೂರು ಅಡ್ಡಪಟ್ಟಿ: ಮೇಲಿನದು ಆರೋಪ ಬರೆದ ಹಲಗೆ, ನಡುವಿನದು ಕೈಗಳಿಗೆ, ಓರೆಯಾದ ಕೆಳಗಿನದು ಪಾದಗಳಿಗೆ.

ಮರಕ್ಕೆ ಆರಾಧನೆ ಸಲ್ಲುತ್ತದೆಯೇ? ಬಿಷಪರೆಲ್ಲ ಸೇರಿದ 787ರ ಎರಡನೆಯ ನಿಕೇಯ ಮಹಾಸಭೆ ಗೆರೆ ಎಳೆದೇ ಹೇಳಿತು: ಶಿಲುಬೆಗೆ ಗೌರವ, ಆರಾಧನೆ ದೇವರಿಗೆ ಮಾತ್ರ. ಕೊರಳಿನ ಶಿಲುಬೆ ದೃಷ್ಟಿ ತಗಲದಂತೆ ಕಾಯುವ ತಾಯಿತವೂ ಅಲ್ಲ. ಹಾಗೆಂದು ಧರಿಸುವವರು ಅದರ ಅರ್ಥವನ್ನೇ ಕಳೆದುಕೊಳ್ಳುತ್ತಾರೆ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯ. ‘ದಿನವೂ ನಿನ್ನ ಶಿಲುಬೆಯನ್ನು ಹೊತ್ತುಕೊಂಡು ನನ್ನನ್ನು ಹಿಂಬಾಲಿಸು’ ಎಂಬ ಯೇಸುವಿನ ಕರೆಯನ್ನು (ಲೂಕ 9:23) ಹಿಡಿದು, ಗಂಡನಿಂದ ಏಟು ತಿನ್ನುವ ಹೆಣ್ಣುಮಗಳಿಗೆ ‘ಇದು ನಿನ್ನ ಶಿಲುಬೆ, ಸಹಿಸಿಕೋ’ ಎನ್ನುವವರಿದ್ದಾರೆ. ಇದು ದೊಡ್ಡ ತಪ್ಪು. ಆ ಕರೆ ಯೇಸುವನ್ನು ಹಿಂಬಾಲಿಸುವುದಕ್ಕೆ ತೆರಬೇಕಾದ ಬೆಲೆಯ ಕುರಿತದ್ದು. ಇನ್ನೊಬ್ಬರ ದೌರ್ಜನ್ಯಕ್ಕೆ ಕೊಟ್ಟ ಪರವಾನಗಿಯಲ್ಲ. ಅಂಥವರಿಗೆ ಮೊದಲು ಬೇಕಾದದ್ದು ಸುರಕ್ಷಿತ ಜಾಗ ಮತ್ತು ಕಾನೂನಿನ ನೆರವು. ವಿಚಾರಣೆಯಲ್ಲಿ ಓಲೇಕಾರನೊಬ್ಬ ಕೆನ್ನೆಗೆ ಹೊಡೆದಾಗ ಯೇಸು ಕೂಡ ಸುಮ್ಮನಿರಲಿಲ್ಲ. ‘ನಾನು ಸರಿಯಾಗಿ ಮಾತಾಡಿದ್ದರೆ ನನ್ನನ್ನು ಹೊಡೆಯುವುದೇಕೆ?’ ಎಂದು ಅಲ್ಲೇ ಕೇಳಿದ (ಯೋಹಾನ 18:23).