ಮಿಕ್ಸರ್ ರಿಪೇರಿ ಆಗುತ್ತದೆ, ಫೋನ್ ಯಾಕೆ ಆಗಲ್ಲ?

ಓದುಗರ ಪ್ರಶ್ನೆ: ನಮ್ಮ ಮನೆಯಲ್ಲಿ ಒಂದೇ ವಾರದಲ್ಲಿ ಎರಡು ವಸ್ತು ಕೆಟ್ಟವು. ಒಂದು, ಹನ್ನೊಂದು ವರ್ಷದ ಮಿಕ್ಸರ್. ಇನ್ನೊಂದು, ಮೂರು ವರ್ಷದ ಫೋನ್. ಮಿಕ್ಸರ್ ಅರ್ಧ ಗಂಟೆಯಲ್ಲಿ ರೆಡಿ ಆಯ್ತು. ಫೋನ್ ಮಾತ್ರ ಮಧ್ಯಾಹ್ನದೊಳಗೆ ಚಾರ್ಜ್ ಖಾಲಿ, 30 ಪರ್ಸೆಂಟ್ ಇದ್ದಾಗಲೇ ಆಫ್. ಅಂಗಡಿಯಲ್ಲಿ ಕೇಳಿದರೆ "ಇದಕ್ಕ ರೊಕ್ಕಾ ಹಾಕಬ್ಯಾಡ್ರಿ, ಹೊಸಾದು ತಗೋರಿ" ಅಂದರು. ಹಳೇ ಕಾಲದ ವಸ್ತುವೇ ಗಟ್ಟಿನಾ? ನಾನೀಗ ರಿಪೇರಿ ಮಾಡಿಸಲಾ, ಹೊಸದು ಕೊಳ್ಳಲಾ?
(ಹುಮನಾಬಾದಿನ ಓದುಗರೊಬ್ಬರು)

ಉತ್ತರ: ಫೋನ್ ಬಿಸಾಡಬೇಡಿ, ಬೇರೆ ಬ್ಯಾಟರಿ ಹಾಕಿಸಿ. ನೀವು ಹೇಳಿದ ಎರಡೂ ಬ್ಯಾಟರಿ ದಣಿದಿರುವ ಗುರುತು. ಪರದೆ ಸರಿ ಇದೆ, ಮಾತು ಕೇಳಿಸುತ್ತದೆ, ಕ್ಯಾಮೆರಾ ನಡೆಯುತ್ತದೆ ಅಂತಲೂ ಬರೆದಿದ್ದೀರಿ. ಮನೆಯ ನೆಲದಲ್ಲಿ ಒಂದು ಶಹಾಬಾದ್ ಪರಸಿ ಬಿರಿಯಿತು ಅಂತ ಯಾರೂ ಮನೆ ಕೆಡವುವುದಿಲ್ಲ, ಅಲ್ವಾ?

ಆದರೆ ನಿಮ್ಮ ಇನ್ನೊಂದು ಪ್ರಶ್ನೆ ಇದಕ್ಕಿಂತ ದೊಡ್ಡದು. ಹಳೇದೇ ಗಟ್ಟಿ ಅನ್ನುವುದು ಅರ್ಧ ಮಾತ್ರ ನಿಜ. ನಿಮ್ಮ ಮಿಕ್ಸರ್ ಕೂಡ ಕೆಟ್ಟಿತಲ್ಲ! ಕೆಟ್ಟರೂ ಅದನ್ನು ಬಿಚ್ಚಲು ಬಂತು, ಅದಕ್ಕೆ ಉಳಿಯಿತು.

ನಮ್ಮ ಮನೆಯ ಮಿಕ್ಸರ್ ಕೂಡ ಹೆಚ್ಚು ಕಮ್ಮಿ ಅಷ್ಟೇ ಹಳೇದು. ಹೋದ ಪಂಚಮಿಗೆ ಉಂಡಿ ಕಟ್ಟಲು ಅಮ್ಮ ಜಾರ್ ತುಂಬ ಹುರಿದ ಶೇಂಗಾ ಹಾಕಿ ತಿರುಗಿಸಿದರು. ಗರ್ ಅಂದು ನಿಂತುಬಿಟ್ಟಿತು. ಮಿಕ್ಸರನ್ನು ಬೋರಲು ಹಾಕಿ ನೋಡಿದರೆ ತಳದಲ್ಲಿ ಒಂದು ಕೆಂಪು ಗುಂಡಿ ಇತ್ತು. ಒತ್ತಿದೆವು, ಮತ್ತೆ ನಡೆಯಿತು. ಭಾರ ಜಾಸ್ತಿ ಆದಾಗ ಮೋಟರ್ ಸುಡದ ಹಾಗೆ ಕರೆಂಟ್ ಕತ್ತರಿಸುವ ಸ್ವಿಚ್ ಅದು. ಈ ಗುಂಡಿ ಗೊತ್ತಿಲ್ಲದೆ ಎಷ್ಟೋ ಮಂದಿ ಒಳ್ಳೇ ಮಿಕ್ಸರನ್ನು ಅಂಗಡಿಗೆ ಹೊತ್ತುಕೊಂಡು ಹೋಗುತ್ತಾರೆ.

ಹದಿನೈದು ದಿನ ಬಿಟ್ಟು ಒಳಗೆ ಕಿಡಿ ಹಾರತೊಡಗಿತು, ಸುಟ್ಟ ವಾಸನೆ ಬಂತು. ಆಗ ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ಒಬ್ಬ ಕಾಕಾನ ಅಂಗಡಿಗೆ ಒಯ್ದೆ. ಅವರು ನಾಲ್ಕು ಸ್ಕ್ರೂ ತೆಗೆದು ಮೋಟರ್ ಪಕ್ಕದಿಂದ ಎರಡು ಕರಿ ತುಂಡು ಹೊರಗೆ ಎಳೆದರು. ಉಗುರಿನಷ್ಟು ಉಳಿದಿದ್ದವು. ಹೊಸ ಜೋಡಿಯನ್ನು ಪಕ್ಕಕ್ಕೆ ಇಟ್ಟು ತೋರಿಸಿದರು, ಅದು ಎರಡು ಪಟ್ಟು ಉದ್ದ ಇತ್ತು. "ಕಾರ್ಬನ್ ಸವದಾವ್ರಿ, ಮೋಟರ್ ಗಟ್ಟಿ ಅದ" ಅಂದರು. ಕೂಲಿ ಸೇರಿ ಇನ್ನೂರು ರೂಪಾಯಿಯೂ ಆಗಲಿಲ್ಲ.

ಆ ಕರಿ ತುಂಡಿನ ಹೆಸರು ಕಾರ್ಬನ್ ಬ್ರಶ್. ಗರಗರ ತಿರುಗುವ ಭಾಗಕ್ಕೆ ವೈರ್ ಕಟ್ಟಲು ಬರುವುದಿಲ್ಲ. ಅದಕ್ಕೆ ಈ ತುಂಡನ್ನು ಸ್ಪ್ರಿಂಗ್ ಇಟ್ಟು ತಾಮ್ರದ ಪಟ್ಟಿಗೆ ಒತ್ತಿ ಹಿಡಿಸುತ್ತಾರೆ, ಅದರ ಮೂಲಕ ಕರೆಂಟ್ ಹೋಗುತ್ತದೆ. ಕಾರ್ಬನ್ ತಾಮ್ರಕ್ಕಿಂತ ಮೆತ್ತಗೆ. ಉಜ್ಜಿದಾಗ ಕಾರ್ಬನ್ ಸವೆಯುತ್ತದೆ, ತಾಮ್ರ ಉಳಿಯುತ್ತದೆ. ಜಾರ್ ಕೆಳಗಿನ ಹಲ್ಲಿನ ಕಪ್ಲರ್ ಕೂಡ ಹಾಗೇ. ಬ್ಲೇಡ್ ಸಿಕ್ಕಿಕೊಂಡರೆ ಕಪ್ಲರ್ ಹಲ್ಲು ಮುರಿಯುತ್ತದೆ, ಮೋಟರ್ ಬದುಕುತ್ತದೆ. ಅಂದರೆ ಇದನ್ನು ಮಾಡಿದವರಿಗೆ ಯಾವುದು ಮೊದಲು ಸವೆಯುತ್ತದೆ ಅಂತ ಗೊತ್ತಿತ್ತು. ಅಗ್ಗದ ಭಾಗವನ್ನೇ ಸವೆಯಲು ಬಿಟ್ಟು, ಅದನ್ನು ಕೈಗೆ ಸಿಗುವ ಜಾಗದಲ್ಲಿ ಇಟ್ಟರು. ನನಗೆ ಇದು ದೊಡ್ಡ ಜಾಣತನ ಅನಿಸುತ್ತದೆ.

ಈಗ ಫೋನ್ ನೋಡೋಣ. ಅದರಲ್ಲಿ ಸವೆಯಲೆಂದೇ ಇರುವ ಭಾಗ ಬ್ಯಾಟರಿ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಪ್ರತಿ ಸಲ ತುಂಬಿಸಿ ಖಾಲಿ ಮಾಡಿದಾಗಲೂ ಅದರ ಕಸುವು ಸ್ವಲ್ಪ ಸ್ವಲ್ಪ ಕಡಿಮೆ ಆಗುತ್ತದೆ. ಬಹಳ ಫೋನ್‌ಗಳಲ್ಲಿ 500 ಸಲದ ಹೊತ್ತಿಗೆ ಮೊದಲಿನ 80 ಪರ್ಸೆಂಟ್‌ಗೆ ಬಂದು ನಿಲ್ಲುತ್ತದೆ, ಈಚಿನ ಕೆಲವು 800-1000 ಸಲ ತಾಳುತ್ತವೆ. ದಿನಕ್ಕೊಂದು ಸಲ ಚಾರ್ಜ್ ಮಾಡುವವರಿಗೆ 500 ಅಂದರೆ ಒಂದೂವರೆ ವರ್ಷ ಆಗುವ ಮಾತು. ಇದರ ಮೇಲೆ ನಮ್ಮ ಕಡೆಯ ಬಿಸಿಲು. ಫೋನ್ ಕಂಪನಿಗಳು ಸಾಮಾನ್ಯವಾಗಿ 35 ಡಿಗ್ರಿ ಒಳಗೆ ಬಳಸಿ ಅನ್ನುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿ ಕಡೆ ನೆರಳಲ್ಲೇ 40 ದಾಟಿರುತ್ತದೆ. ಬೈಕ್ ಹ್ಯಾಂಡಲ್‌ಗೆ ಫೋನ್ ಸಿಗಿಸಿ, ಮ್ಯಾಪ್ ಹಾಕಿ, ಚಾರ್ಜ್‌ಗೂ ಇಟ್ಟು ಜೇವರ್ಗಿ ರಸ್ತೆಯಲ್ಲಿ ಹೋಗುವ ಹುಡುಗರನ್ನು ನೋಡಿದರೆ ನನಗೆ ಆ ಬ್ಯಾಟರಿ ಮೇಲೆ ಮರುಕ ಬರುತ್ತದೆ. ಬಿಸಿಯಲ್ಲಿ ತುಂಬ ಚಾರ್ಜ್ ಇಟ್ಟುಕೊಂಡಿರುವುದೇ ಅದಕ್ಕೆ ಎಲ್ಲಕ್ಕಿಂತ ಕೆಟ್ಟದ್ದು.

ಹೀಗೆ ಖಂಡಿತ ಸವೆಯುವ ಭಾಗವನ್ನು ಗಾಜಿನ ಹಿಂದೆ ಇಟ್ಟು, ಗಾಜನ್ನು ಗೋಂದು ಹಾಕಿ ಅಂಟಿಸಿದ್ದಾರೆ. ಬಿಚ್ಚಬೇಕಾದರೆ ಬಿಸಿ ಮಾಡಿ, ತೆಳ್ಳನೆ ಪ್ಲಾಸ್ಟಿಕ್ ಚೂರು ತೂರಿಸಿ, ಉಸಿರು ಬಿಗಿ ಹಿಡಿದು ಎಬ್ಬಿಸಬೇಕು. ಗೋಂದು ಹಾಕಿದ್ದಕ್ಕೆ ಕಾರಣ ಇಲ್ಲ ಅನ್ನಲಾರೆ. ಫೋನ್ ತೆಳ್ಳಗಾಗುತ್ತದೆ, ನೀರು ಸುಲಭಕ್ಕೆ ಒಳಗೆ ಹೋಗುವುದಿಲ್ಲ. ಆದರೆ ಬೇರೆ ದಾರಿಯೇ ಇರಲಿಲ್ಲ ಅನ್ನುವುದನ್ನು ಒಪ್ಪಲಾರೆ. ನೆದರ್ಲೆಂಡ್ಸ್‌ನ ಫೇರ್‌ಫೋನ್ ಅನ್ನುವ ಕಂಪನಿ ಬಳಸುವವರೇ ಬಿಚ್ಚಬಹುದಾದ ಫೋನನ್ನು 2015ರಿಂದ ಮಾಡುತ್ತಿದೆ. ಬ್ಯಾಟರಿ, ಪರದೆ, ಕ್ಯಾಮೆರಾ ಎಲ್ಲ ಬಿಡಿಬಿಡಿಯಾಗಿ ಸಿಗುತ್ತವೆ.

ಇಷ್ಟು ದೂರ ಹೋಗುವುದೂ ಬೇಡ. ಬೀದರ್ ಪಕ್ಕದ ನೌಬಾದಿಗೆ ಹೋಗಿ ಸುರಂಗ ಬಾವಿ ನೋಡಿ. ಕರೇಜ್ ಅಂತಲೂ ಕರೆಯುತ್ತಾರೆ. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಷಿಯಾದ ಪದ್ಧತಿಯಂತೆ ಜಂಬಿಟ್ಟಿಗೆ ಕಲ್ಲು ಕೊರೆದು ನೆಲದಡಿ ನೀರು ಹರಿಸಿದ್ದಾರೆ. ಸುರಂಗ ಸುಮಾರು 3 ಕಿಲೋಮೀಟರ್ ಇದೆ. ನನ್ನ ಕಣ್ಣು ನಿಂತಿದ್ದು ಮಾತ್ರ ಸುರಂಗದ ಮೇಲೆ ಅಲ್ಲ, ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ನೆಟ್ಟಗೆ ಇಳಿಸಿದ ಬಾವಿಗಳ ಮೇಲೆ. ಅಗೆದ ಮಣ್ಣನ್ನು ಮೇಲೆತ್ತಿದ್ದು ಅಲ್ಲಿಂದ, ಗಾಳಿ ಆಡುವುದು ಅಲ್ಲಿಂದ, ನೀರು ಸೇದಿದ್ದು ಅಲ್ಲಿಂದ. ಹೂಳು ತುಂಬಿದರೆ ಮನುಷ್ಯ ಇಳಿಯುವುದೂ ಅಲ್ಲಿಂದಲೇ. ಸುಮಾರು ಹತ್ತು ವರ್ಷದ ಹಿಂದೆ ಹೂಳು ತೆಗೆಯುವ ಕೆಲಸ ಶುರುವಾದಾಗಲೂ ಒಳಗೆ ಇಳಿಯಲು ದಾರಿ ಇತ್ತು. ಮುಂದೊಂದು ದಿನ ಯಾರೋ ಬಂದು ಇದನ್ನು ಸ್ವಚ್ಛ ಮಾಡಬೇಕಾಗುತ್ತದೆ ಅಂತ ಕಟ್ಟಿದವರು ಮೊದಲೇ ಯೋಚಿಸಿದ್ದರು. ನಮ್ಮ ಫೋನಿಗೆ ಬೇಕಾಗಿರುವುದು ಅಂಥ ಒಂದು ಬಾವಿ.

ಇನ್ನು ದುಡ್ಡಿನ ಮಾತು. ಹೊಸ ಫೋನ್ 15,000 ರೂಪಾಯಿ, ಮೂರು ವರ್ಷ ಬಂತು ಅಂದುಕೊಳ್ಳಿ. ವರ್ಷಕ್ಕೆ 5,000 ಬಿತ್ತು. ಬ್ಯಾಟರಿಗೆ ಕೂಲಿ ಸೇರಿ 1,800 ಕೊಟ್ಟು ಇನ್ನೆರಡು ವರ್ಷ ನಡೆಸಿದರೆ ವರ್ಷಕ್ಕೆ 900. ಸುಮ್ನೆ 1,800 ಮತ್ತು 15,000 ಎರಡನ್ನೇ ಪಕ್ಕಪಕ್ಕ ಇಟ್ಟರೆ ಲೆಕ್ಕ ಸರಿಯಾಗುವುದಿಲ್ಲ. ಎಷ್ಟು ವರ್ಷ ಕೈಗೆ ಬರುತ್ತದೆ ಅಂತ ಭಾಗಿಸಿ ನೋಡಿ. ಪರದೆ ಒಡೆದು, ಅದಕ್ಕೇ ಫೋನಿನ ಅರ್ಧ ಬೆಲೆ ಕೇಳಿದರೆ ಆಗ ಯೋಚಿಸಬೇಕು. ನೀರು ಹೊಕ್ಕು ಬೋರ್ಡ್ ಹೋಗಿದ್ದರೂ ಹಾಗೇ. ಕಂಪನಿ ಅಪ್‌ಡೇಟ್ ನಿಲ್ಲಿಸಿ ಬಹಳ ದಿನ ಆಗಿದ್ದರೆ ಬ್ಯಾಂಕ್ ಕೆಲಸಕ್ಕೆ ಆ ಫೋನ್ ಬಳಸುವುದು ನನಗೆ ಸರಿ ಕಾಣುವುದಿಲ್ಲ.

ಎಲ್ಲ ಹಳೇದನ್ನೂ ಉಳಿಸಿಕೊಳ್ಳಿ ಅಂತಲೂ ಹೇಳುವುದಿಲ್ಲ. ಸೀಲಿಂಗ್ ಫ್ಯಾನ್ ತೆಗೆದುಕೊಳ್ಳಿ. ನಿಧಾನ ಆಗಿದ್ದರೆ ಬಹಳ ಸಲ ಕೆಟ್ಟಿರುವುದು ಕಂಡೆನ್ಸರ್ (ಕೆಪಾಸಿಟರ್ ಅಂತಲೂ ಅನ್ನುತ್ತಾರೆ), ಅದು ನೂರು ರೂಪಾಯಿ ಒಳಗೆ ಸಿಗುತ್ತದೆ. ಹಾಕಿಸಿ. ಆದರೆ ಹಳೇ ಫ್ಯಾನ್ ಸುಮಾರು 75 ವ್ಯಾಟ್ ತಿನ್ನುತ್ತದೆ, ಕರೆಂಟ್ ಉಳಿಸುವ ಮೋಟರ್ ಇರುವ ಹೊಸ ಬಿಎಲ್‌ಡಿಸಿ ಫ್ಯಾನ್ 35ರ ಒಳಗೆ. ನಮ್ಮ ಕಡೆ ದಿನಕ್ಕೆ 15 ಗಂಟೆ, ವರ್ಷಕ್ಕೆ 300 ದಿನ ಫ್ಯಾನ್ ತಿರುಗುತ್ತದೆ ಅಂದುಕೊಂಡರೆ 180 ಯೂನಿಟ್ ಉಳಿಯಿತು. ಮೋಟರೇ ಸುಟ್ಟಿದ್ದರೆ ಬಿಎಲ್‌ಡಿಸಿ ಕೊಳ್ಳಬಹುದು. ಆದರೆ ಇದರೊಳಗೆ ಒಂದು ಎಲೆಕ್ಟ್ರಾನಿಕ್ ಬೋರ್ಡ್ ಇದೆ. ಬೋರ್ಡ್ ಮೇಲಿನ ಕೆಪಾಸಿಟರ್‌ಗಳಿಗೆ ಬಿಸಿ ಆಗಿಬರುವುದಿಲ್ಲ. 10 ಡಿಗ್ರಿ ಬಿಸಿ ಜಾಸ್ತಿ ಆದರೆ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕೆಲಸದವರ ಅಂದಾಜು ಲೆಕ್ಕ. ಮಾಳಿಗೆ ಕಾದಿರುವ ಮನೆಯಲ್ಲಿ ಫ್ಯಾನ್ ಇರುವುದೇ ಆ ಮಾಳಿಗೆಯ ಕೆಳಗೆ. ಹಾಗಾಗಿ ಬೋರ್ಡ್ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿಯೇ ಕೊಳ್ಳಿ.

ಬಿಸಾಡಿದ್ದು ಎಲ್ಲಿಗೆ ಹೋಗುತ್ತದೆ? ವಿಶ್ವಸಂಸ್ಥೆಯ ಸಂಸ್ಥೆಗಳು ಸೇರಿ 2024ರಲ್ಲಿ ಕೊಟ್ಟ ಲೆಕ್ಕ ಇದೆ. 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ಕಸ ಆಯಿತು. ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಒಯ್ದದ್ದು ದಾಖಲಾಗಿರುವುದು ಅದರಲ್ಲಿ 22.3 ಪರ್ಸೆಂಟ್ ಮಾತ್ರ. ಉಳಿದದ್ದು ಡ್ರಾಯರ್‌ನಲ್ಲಿ, ಕಸದ ಗುಡ್ಡದಲ್ಲಿ, ಭಂಗಾರ್ (ಗುಜರಿ) ಗಾಡಿಯಲ್ಲಿ. ಊರ ಹೊರಗೆ ಸಂಜೆ ಹೊತ್ತು ವೈರ್ ಸುಡುವ ಹೊಗೆಯನ್ನು ನೀವೂ ಕುಡಿದಿರಬಹುದು. ಗಂಟಲಿಗೆ ಹತ್ತಿಕೊಳ್ಳುವ ಸಿಹಿ ಸಿಹಿ ಕೆಟ್ಟ ವಾಸನೆ. ಒಳಗಿನ ತಾಮ್ರಕ್ಕಾಗಿ ಮೇಲಿನ ಪಿವಿಸಿ ಪ್ಲಾಸ್ಟಿಕ್ ಸುಡುತ್ತಾರೆ, ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಸುಡುವವನು ಹೊಟ್ಟೆಪಾಡಿಗೆ ಸುಡುತ್ತಾನೆ, ಆ ಹೊಗೆಯನ್ನು ಎಲ್ಲರಿಗಿಂತ ಮೊದಲು ಕುಡಿಯುವವನೂ ಅವನೇ. ಅವನನ್ನು ಬೈಯಲು ನನಗೆ ಮನಸ್ಸಿಲ್ಲ.

ಮರುಬಳಕೆ ಮಾಡಿದರೆ ಸಾಕಲ್ಲ ಅಂತ ಕೇಳುವವರಿದ್ದಾರೆ. ಮರುಬಳಕೆ ಬೇಕು. ಪಕ್ಕದ ರಾಯಚೂರು ಜಿಲ್ಲೆಯ ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರು ಅಗೆದರೆ ಸಿಗುವ ಚಿನ್ನ ಕೆಲವೇ ಗ್ರಾಂ. ಒಂದು ಟನ್ ಹಳೇ ಫೋನ್‌ಗಳಲ್ಲಿ ಅದರ ಹತ್ತಾರು ಪಟ್ಟು ಚಿನ್ನ ಇರುತ್ತದೆ. ಆದರೆ ಫೋನಿನಲ್ಲಿರುವ ಎಲ್ಲ ಲೋಹವೂ ಹೀಗೆ ವಾಪಸ್ ಬರುವುದಿಲ್ಲ. ಸ್ಪೀಕರ್, ವೈಬ್ರೇಟರ್ ಅಯಸ್ಕಾಂತದಲ್ಲಿರುವ ಅಪರೂಪದ ಲೋಹಗಳಿಗೆ ಜಗತ್ತಿನಲ್ಲಿ ಇರುವ ಬೇಡಿಕೆಯಲ್ಲಿ ಇ-ಕಸದಿಂದ ತುಂಬುವುದು 1 ಪರ್ಸೆಂಟ್‌ನಷ್ಟು. ಜೊತೆಗೆ, ಒಂದು ಫೋನ್ ತನ್ನ ಇಡೀ ಆಯುಷ್ಯದಲ್ಲಿ ಮಾಡುವ ಮಾಲಿನ್ಯದ ಬಹುಪಾಲು ಅದು ನಿಮ್ಮ ಕೈಗೆ ಬರುವ ಮೊದಲೇ, ಗಣಿಯಲ್ಲಿ ಮತ್ತು ಕಾರ್ಖಾನೆಯಲ್ಲಿ, ಆಗಿಹೋಗಿರುತ್ತದೆ. ಅದೇ ಫೋನನ್ನು ಇನ್ನೆರಡು ವರ್ಷ ಬಳಸುವುದು ಅದನ್ನು ಕರಗಿಸುವುದಕ್ಕಿಂತ ಎಷ್ಟೋ ಮೇಲು.

ಕಾನೂನು ಏನು ಮಾಡುತ್ತಿದೆ ಅಂದರೆ, ನಮ್ಮ ದೇಶದ ಹೊಸ ಇ-ಕಸ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಂಪನಿಗಳು ಇಂತಿಷ್ಟು ಮರುಬಳಕೆ ಮಾಡಿಸಲೇಬೇಕು ಅನ್ನುತ್ತದೆ. ರಿಪೇರಿ ವಿಚಾರಕ್ಕೆ ಕೇಂದ್ರದ ಗ್ರಾಹಕ ಇಲಾಖೆ 2022ರ ಡಿಸೆಂಬರ್ 24ರಂದು 'ರೈಟ್ ಟು ರಿಪೇರ್' (ರಿಪೇರಿ ಮಾಡಿಸುವ ಹಕ್ಕು) ಪೋರ್ಟಲ್ ಶುರು ಮಾಡಿತು. ವಸ್ತು ಎಷ್ಟು ಸುಲಭಕ್ಕೆ ರಿಪೇರಿ ಆಗುತ್ತದೆ ಅಂತ ಅಂಕ ಕೊಡುವ ಬಗ್ಗೆ 2025ರ ಮೇ ತಿಂಗಳಲ್ಲಿ ಸಮಿತಿಯೊಂದು ವರದಿಯನ್ನೂ ಕೊಟ್ಟಿದೆ. ಫ್ರಾನ್ಸ್‌ನಲ್ಲಿ ಹತ್ತಕ್ಕೆ ಇಂತಿಷ್ಟು ಅಂತ ಈ ಅಂಕವನ್ನು 2021ರಿಂದ ತೋರಿಸಲು ಶುರು ಮಾಡಿದರು. ಯುರೋಪಿನಲ್ಲಿ 2025ರ ಜೂನ್ 20ರಿಂದ, ಒಂದು ಫೋನ್ ಮಾಡೆಲ್ ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗ ಕೊಡಬೇಕು. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು? ಫ್ರಿಜ್ ಮೇಲೆ ಕರೆಂಟಿನ ಸ್ಟಾರ್ ನೋಡಿ ಕೊಳ್ಳುವುದನ್ನು ನಾವು ಕಲಿತೆವು. ರಿಪೇರಿ ಅಂಕ ಬಂದರೆ ಅದನ್ನೂ ನೋಡುತ್ತೇವೆ.

ಅಲ್ಲಿಯವರೆಗೆ ಬಾಯಿ ಬಿಟ್ಟು ಕೇಳಬೇಕು, ಅದೂ ದುಡ್ಡು ಕೊಡುವ ಮೊದಲು. ವಸ್ತು ಕೆಟ್ಟ ಮೇಲೆ ಕೇಳಿದರೆ ಉತ್ತರ ಕಂಪನಿಯ ಕೈಯಲ್ಲಿರುತ್ತದೆ. ಕೊಳ್ಳುವ ದಿನ ನಿಮ್ಮ ಜೇಬಿನಲ್ಲಿರುತ್ತದೆ. ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ? ಅದನ್ನು ಇಲ್ಲೇ ಕಲಬುರಗಿಯಲ್ಲಿ, ಬೀದರಿನಲ್ಲಿ ಮಾಡುತ್ತೀರಾ, ಹೈದರಾಬಾದಿಗೆ ಕಳಿಸುತ್ತೀರಾ? ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ? ಹೊರಗೆ ಸ್ಕ್ರೂ ಕಾಣುತ್ತದಾ? ಹೋದ ತಿಂಗಳು ತಮ್ಮನ ಮಗಳಿಗೆ ಲ್ಯಾಪ್‌ಟಾಪ್ ಕೊಳ್ಳುವಾಗ ಅಂಗಡಿಯಲ್ಲೇ ಅದನ್ನು ತಿರುವಿ ಹಾಕಿ ಕೇಳಿದೆ. ರ‍್ಯಾಮ್ ಬದಲಿಸಲು ಬರುತ್ತದಾ, ಬೋರ್ಡಿಗೇ ಬೆಸುಗೆ ಹಾಕಿದ್ದಾರಾ ಅಂತ. ಹುಡುಗನಿಗೆ ಗೊತ್ತಿರಲಿಲ್ಲ. ಆದರೆ ಒಳಗೆ ಹೋಗಿ ಕೇಳಿಕೊಂಡು ಬಂದ. ನಾವು ತೆಗೆದುಕೊಂಡದ್ದು ಬದಲಿಸಲು ಬರುವ ಮಾಡೆಲ್.

ನಿಮ್ಮ ಫೋನಿಗೆ ಬರೋಣ. ಮೊದಲು ಆ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ರೇಟ್ ಕೇಳಿ, ಆಮೇಲೆ ನಿಮಗೆ ನಂಬಿಕೆ ಇರುವ ಅಂಗಡಿಯಲ್ಲಿ ಕೇಳಿ. ಬಹಳ ಅಗ್ಗದ್ದು ಹಾಕಿಸಬೇಡಿ, ನಕಲಿ ಬ್ಯಾಟರಿ ಉಬ್ಬುತ್ತದೆ, ಬೆಂಕಿ ಹತ್ತುವ ಭಯವೂ ಇದೆ. ಫೋಟೊ, ನಂಬರ್ ಎಲ್ಲ ಮೊದಲೇ ಬೇರೆ ಕಡೆ ಇಟ್ಟುಕೊಳ್ಳಿ. ಎದುರಿಗೇ ಕೂತು ಹಾಕಿಸಿ, ಬಿಲ್ ಮತ್ತು ವಾರಂಟಿ ಕೇಳಿ. ಕೊಟ್ಟ ಮಾತಿನಂತೆ ನಡೆಯದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ. ಹಳೇ ಬ್ಯಾಟರಿ ಈಗಾಗಲೇ ಉಬ್ಬಿ ಹಿಂದಿನ ಮುಚ್ಚಳ ಎದ್ದಿದ್ದರೆ ಇವತ್ತಿನಿಂದಲೇ ಚಾರ್ಜ್‌ಗೆ ಹಾಕುವುದು ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ಕಸದ ಗಾಡಿಗೂ ಹಾಕಬೇಡಿ. ತೆಗೆದ ಬ್ಯಾಟರಿಯನ್ನು ಸರ್ವಿಸ್ ಸೆಂಟರ್‌ಗೇ ವಾಪಸ್ ಕೊಡಿ.