ಕೋಡ್ ಸ್ವಿಚಿಂಗ್: ಮಾತಿನ ನಡುವೆ ಭಾಷೆ ಬದಲಾದಾಗ ಮೆದುಳಲ್ಲಿ ಏನಾಗುತ್ತೆ?

ಮಾತಾಡುತ್ತಾ ಮಾತಾಡುತ್ತಾ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವುದಕ್ಕೆ ಭಾಷಾಶಾಸ್ತ್ರದಲ್ಲಿ ಕೋಡ್ ಸ್ವಿಚಿಂಗ್ ಅನ್ನುತ್ತಾರೆ. ಎದುರಿಗಿರುವವರು ಬದಲಾದಾಗ ಭಾಷೆ ಬದಲಾಗಬಹುದು, ಒಂದೇ ವಾಕ್ಯದೊಳಗೂ ಬದಲಾಗಬಹುದು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಎರಡೂ ಕೇಳಿಸುತ್ತವೆ. ಗೂಡು ತಂದ ರೈತ ತನ್ನೂರಿನವರ ಜೊತೆ ತೆಲುಗು ಆಡುತ್ತಾನೆ, ಗೂಡಿನಿಂದ ನೂಲು ತೆಗೆಯುವ ರೀಲರ್ ಜೊತೆ ಉರ್ದು, ತೂಕದ ಹತ್ತಿರ ಕನ್ನಡ. ಎದುರಿಗಿರುವವರಿಗೆ ತೆಲುಗು, ಕನ್ನಡ ಎರಡೂ ಬರುತ್ತೆ ಅಂತ ಗೊತ್ತಿದ್ದರೆ ಮಾತು ಹೀಗಿರುತ್ತದೆ: “ರೇಟು ತಗ್ಗಿಂದಿ ಅಣ್ಣಾ, ಅದಕ್ಕೇ ಸುಮ್ನೆ ಇದ್ದೀನಿ.” ಮೊದಲರ್ಧ ತೆಲುಗು (ರೇಟು ಇಳಿದಿದೆ ಅಂತ), ಉಳಿದದ್ದು ಕನ್ನಡ. ಬೆಸುಗೆ ಕಾಣುವುದೇ ಇಲ್ಲ, ಅಲ್ವಾ? ಎರಡೂ ಭಾಷೆಯಲ್ಲಿ ಕ್ರಿಯಾಪದ ಕೊನೆಗೇ ಬರುತ್ತದೆ, ಹಾಗಾಗಿ ದಾಟುವುದು ಸಲೀಸು. ನ್ಯೂಯಾರ್ಕಿನ ಪೋರ್ಟೊರಿಕನ್ ಜನರ ಸ್ಪ್ಯಾನಿಷ್-ಇಂಗ್ಲಿಷ್ ಮಾತನ್ನು ಗಮನಿಸಿ ಭಾಷಾಶಾಸ್ತ್ರಜ್ಞೆ ಶಾನಾ ಪಾಪ್ಲಾಕ್ 1980ರಲ್ಲಿ ಹೇಳಿದ್ದೂ ಇದನ್ನೇ: ಎರಡು ಭಾಷೆಗಳ ಪದಗಳ ಸಾಲು ಹೊಂದುವ ಜಾಗದಲ್ಲೇ ಜನ ದಾಟುತ್ತಾರೆ. ವಾಕ್ಯದೊಳಗೇ ದಾಟುವವರು ಹೆಚ್ಚಾಗಿ ಎರಡನ್ನೂ ಚೆನ್ನಾಗಿ ಬಲ್ಲವರು ಅಂತಲೂ ಅವರು ಕಂಡುಕೊಂಡರು. ನಮ್ಮ ಕಡೆ ಇದನ್ನು ಅರೆಬರೆ ಭಾಷೆ ಅಂತ ಹೀಗಳೆಯುತ್ತಾರೆ. ಅದು ಅನ್ಯಾಯ.

ಇನ್ನು ಮೆದುಳಿನ ವಿಷಯ. ಎರಡು ಭಾಷೆ ಬಲ್ಲವರ ತಲೆಯಲ್ಲಿ ಒಂದು ಆಡುವಾಗ ಇನ್ನೊಂದು ಮಲಗಿರುವುದಿಲ್ಲ. 1999ರಲ್ಲಿ ಸ್ಪೈವಿ ಮತ್ತು ಮೇರಿಯನ್ ಅನ್ನುವವರು ರಷ್ಯನ್-ಇಂಗ್ಲಿಷ್ ಬಲ್ಲವರ ಕಣ್ಣಿನ ಚಲನೆ ನೋಡಿದರು. ರಷ್ಯನ್‌ನಲ್ಲಿ ಅಂಚೆಚೀಟಿಗೆ ‘ಮಾರ್ಕಾ’ ಅನ್ನುತ್ತಾರೆ. ಅಂಚೆಚೀಟಿ ಎತ್ತಿ ಅಂತ ರಷ್ಯನ್‌ನಲ್ಲಿ ಹೇಳಿದರೆ, ಕಣ್ಣು ಪಕ್ಕದಲ್ಲಿದ್ದ ಮಾರ್ಕರ್ ಪೆನ್ನಿನ ಕಡೆಗೂ ಓಡುತ್ತಿತ್ತು. ಇಂಗ್ಲಿಷ್ ಒಳಗೊಳಗೇ ಎಚ್ಚರವಾಗಿತ್ತು.

ಹಾಗಾದರೆ ಬೇಡದ ಭಾಷೆಯನ್ನು ಮೆದುಳು ಅದುಮಿಡಬೇಕು ಅನ್ನುವುದು ಡೇವಿಡ್ ಗ್ರೀನ್ 1998ರಲ್ಲಿ ಮಂಡಿಸಿದ ವಿವರಣೆ. ಮರುವರ್ಷವೇ ಮ್ಯೂಟರ್ ಮತ್ತು ಆಲ್‌ಪೋರ್ಟ್ ಅಂಕಿಗಳನ್ನು ತೋರಿಸಿ, ಒಮ್ಮೆ ಈ ಭಾಷೆಯಲ್ಲಿ ಒಮ್ಮೆ ಆ ಭಾಷೆಯಲ್ಲಿ ಹೇಳಿಸಿದರು. ಭಾಷೆ ಬದಲಾದಾಗ ಉತ್ತರ ಚೂರು ತಡವಾಯಿತು. ಅದರಲ್ಲೂ ಚೆನ್ನಾಗಿ ಬರುವ ಭಾಷೆಗೆ ವಾಪಸ್ ಬರುವಾಗಲೇ ಜಾಸ್ತಿ ತಡ! ಬಲವಾದ ಭಾಷೆಯನ್ನು ಬಲವಾಗಿಯೇ ಅದುಮಬೇಕು, ಅದು ಮೇಲೇಳಲು ಹೊತ್ತು ಹಿಡಿಯುತ್ತದೆ.

ಆದರೆ ಅಲ್ಲಿ ಬದಲಾಯಿಸಿ ಅಂತ ಅಪ್ಪಣೆ ಕೊಟ್ಟವರು ಪ್ರಯೋಗ ಮಾಡುವವರು. ಮಾರ್ಕೆಟ್ಟಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ. 2017ರಲ್ಲಿ ಬ್ಲಾಂಕೊ-ಎಲೊರಿಯೆಟಾ ಮತ್ತು ಪಿಲ್ಕಾನೆನ್ ಅರೇಬಿಕ್-ಇಂಗ್ಲಿಷ್ ಬಲ್ಲವರ ಮೆದುಳಿನ ಕಾಂತೀಯ ಸಂಕೇತಗಳನ್ನು ಅಳೆದರು. ಅಪ್ಪಣೆಯ ಮೇಲೆ ಭಾಷೆ ಬದಲಾಯಿಸುವಾಗ ಹತೋಟಿಗೆ ಸಂಬಂಧಿಸಿದ ಭಾಗಗಳು ದುಡಿಯುತ್ತಿದ್ದವು. ತಾವಾಗಿಯೇ ಬೇಕಾದ ಭಾಷೆ ಆರಿಸಿಕೊಂಡಾಗ ಆ ಭಾಗಗಳಿಗೆ ಹೆಚ್ಚಿನ ಕೆಲಸ ಕಾಣಲಿಲ್ಲ.